ರಾತ್ರಿಯೆಲ್ಲ ಮಲಗಿದರೂ ನಿದ್ದೆ ಸಾಲದೇಕೆ?



ಮಧ್ಯಾಹ್ನದ ಬಿಸಿಯೂಟ ಮುಗಿದಿದೆ. ಕಿಟಕಿಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಭಿನ್ನರಾಶಿಯ ಲೆಕ್ಕ ಬಿಡಿಸುತ್ತಿದ್ದಾರೆ. ನಿಮ್ಮ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ತಲೆ ತೂಗುತ್ತದೆ. ಪಕ್ಕದವರು ಮೊಣಕೈಯಿಂದ ತಿವಿದಾಗಲೇ ಎಚ್ಚರ! ಇದು ನಮಗೆಲ್ಲ ಒಂದಲ್ಲ ಒಂದು ದಿನ ಆದ ಅನುಭವವೇ ಅಲ್ಲವೆ? ಆದರೆ ಒಬ್ಬ ಹುಡುಗನಿಗೆ ದಿನವೂ, ಅದೂ ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಹೀಗಾಗುತ್ತಿದ್ದರೆ?

ಕೆಲವು ವರ್ಷಗಳ ಹಿಂದೆ ಪ್ರಯೋಗಗಳನ್ನು ತೋರಿಸಲು ಒಂದು ಶಾಲೆಗೆ ಹೋಗಿದ್ದೆ. ಆರನೇ ತರಗತಿಯ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಗೋಡೆಗೆ ಒರಗಿ ಕುಳಿತಿದ್ದ. ಅವನಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಶಿಕ್ಷಕಿ ಮೊದಲೇ ಹೇಳಿದ್ದರು. ಉರಿಯುವ ಮೇಣದಬತ್ತಿಯ ಮೇಲೆ ನಾನು ಗಾಜಿನ ಲೋಟ ಬೋರಲು ಹಾಕಿದಾಗ ಎಲ್ಲರೂ ಮೇಜಿನ ಸುತ್ತ ಮುಗಿಬಿದ್ದರು. ಅವನು ಮಾತ್ರ ತೂಕಡಿಸುತ್ತಲೇ ಇದ್ದ. ಎಬ್ಬಿಸಿದರೆ ಸಿಡಿಮಿಡಿಗೊಂಡು ಪಕ್ಕದವನನ್ನು ತಳ್ಳಿದ. "ಅವನು ನಿದ್ದೆಬಡಕ ಸಾರ್" ಎಂದು ಒಂದಿಬ್ಬರು ನಕ್ಕರು. ನಾನೂ "ಹೋಗಿ ಮುಖ ತೊಳೆದುಕೊಂಡು ಬಾ" ಎಂದುಬಿಟ್ಟೆ.

ಸಂಜೆ ಅವನನ್ನು ಕರೆದೊಯ್ಯಲು ಅಜ್ಜಿ ಬಂದರು. ನಾನು ವಿಷಯ ತೆಗೆದಾಗ ಅವರು ಹೇಳಿದ ಮಾತು ಇದು: "ರಾತ್ರಿ ಎಂಟು ಗಂಟೆಗೇ ಮಲಗ್ತಾನೆ ಸಾರ್. ಆದ್ರೆ ಅವನು ಮಲಗೋದೇ ಒಂಥರಾ. ಚಕ್ಕಳಮಕ್ಕಳ ಹಾಕ್ಕೊಂಡು ಕೂತು, ಮುಂದಕ್ಕೆ ಬಗ್ಗಿ, ಹಣೆ ಚಾಪೆಗೆ ಹಚ್ಚಿ ನಿದ್ದೆ ಮಾಡ್ತಾನೆ. ನೆಟ್ಟಗೆ ಮಲಗಿಸಿದ್ರೆ ಮತ್ತೆ ಎದ್ದು ಹಾಗೇ ಕೂತ್ಕೋತಾನೆ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?"

ವಿಜ್ಞಾನ ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡೆ. ಅಜ್ಜಿ ಕೇಳಿದ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ರಾತ್ರಿ ಹತ್ತು ಗಂಟೆ ಮಲಗಿದವನಿಗೆ ಹಗಲು ನಿದ್ದೆ ಏಕೆ ಬರುತ್ತದೆ? ಅವನು ಕುಳಿತು ಬಗ್ಗಿ ನಿದ್ರಿಸುವುದೇಕೆ? ಇದಕ್ಕೆ ಪರಿಹಾರವಿದೆಯೆ? ಬನ್ನಿ, ಒಂದೊಂದಾಗಿ ಉತ್ತರ ಹುಡುಕೋಣ.

ಒಂದು ವರ್ಣತಂತು ಹೆಚ್ಚಾದಾಗ

ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆಯೆಂದು ನೀವು ಓದಿದ್ದೀರಿ. ಜೀವಕೋಶದ ನಡುವೆ ಕೋಶಕೇಂದ್ರವಿದೆ. ಅದರೊಳಗೆ ನೂಲಿನ ಎಳೆಗಳಂತಹ ವರ್ಣತಂತುಗಳಿವೆ. ಇವುಗಳನ್ನು ಕ್ರೋಮೋಸೋಮ್ ಎಂದೂ ಕರೆಯುತ್ತಾರೆ. ನಮ್ಮ ಎತ್ತರ, ಕಣ್ಣಿನ ಬಣ್ಣ, ಮೂಗಿನ ಆಕಾರ ಹೇಗಿರಬೇಕೆಂಬ ಸೂಚನೆಗಳು ಈ ಎಳೆಗಳಲ್ಲಿ ಅಡಗಿವೆ. ಮನುಷ್ಯರ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ 23 ಜೋಡಿಗಳು ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು.

ಕೆಲವು ಮಕ್ಕಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಒಟ್ಟು ಸಂಖ್ಯೆ 47 ಆಗುತ್ತದೆ. ಈ ಸ್ಥಿತಿಯೇ ಡೌನ್ ಸಿಂಡ್ರೋಮ್. 'ಡೌನ್' ಎಂದರೆ ಇಲ್ಲಿ 'ಕೆಳಗೆ' ಎಂಬ ಅರ್ಥವಲ್ಲ. 1866ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಅವರ ಹೆಸರು ಅದು. ಕಾರಣ ತಿಳಿಯಲು ಮಾತ್ರ ಇನ್ನೂ ತೊಂಬತ್ಮೂರು ವರ್ಷ ಬೇಕಾಯಿತು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮತ್ತು ರೇಮಂಡ್ ತುರ್ಪಾ ಹೆಚ್ಚುವರಿ ವರ್ಣತಂತುವಿನ ಸುದ್ದಿಯನ್ನು ಪ್ರಕಟಿಸಿದರು. 21ನೇ ವರ್ಣತಂತು ಮೂರಿರುವುದರ ನೆನಪಿಗೆ ಮೂರನೇ ತಿಂಗಳ 21ನೇ ತಾರೀಖನ್ನು, ಅಂದರೆ ಮಾರ್ಚ್ 21ನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವೆಂದು ಆಚರಿಸುತ್ತಾರೆ. 2012ರಿಂದ ವಿಶ್ವಸಂಸ್ಥೆಯೂ ಇದನ್ನು ಆಚರಿಸುತ್ತಿದೆ.

ಇದು ಅಂಟುರೋಗವಲ್ಲ. ಜೊತೆಯಲ್ಲಿ ಕುಳಿತರೆ, ಆಡಿದರೆ, ಊಟ ಹಂಚಿಕೊಂಡರೆ ಬರುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ತಾಯಿ ಹೊರಗೆ ಬಂದದ್ದರಿಂದ ಬಂತು, ಯಾರದೋ ಪಾಪದಿಂದ ಬಂತು ಎಂಬ ಮಾತುಗಳಲ್ಲೂ ಹುರುಳಿಲ್ಲ. ಮಗು ಹುಟ್ಟುವ ಬಹಳ ಮೊದಲೇ ಕೋಶಗಳು ವಿಭಜನೆಯಾಗುವಾಗ ವರ್ಣತಂತುಗಳ ಹಂಚಿಕೆಯಲ್ಲಿ ಆಗುವ ಹೆಚ್ಚುಕಡಿಮೆ ಇದು. ಯಾರ ತಪ್ಪೂ ಅಲ್ಲ. ಇಂತಹ ಮಕ್ಕಳು ಮಾತು, ಓದು, ಲೆಕ್ಕ ಕಲಿಯಲು ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೆ. ಆದರೆ ಕಲಿಯುತ್ತಾರೆ.

ಹೆಚ್ಚುವರಿ ವರ್ಣತಂತುವೆಂದರೆ ಹೆಚ್ಚುವರಿ ಸೂಚನೆಗಳು. ಸಾರಿಗೆ ಒಂದು ಚಮಚ ಉಪ್ಪು ಹಾಕಬೇಕಾದಲ್ಲಿ ಒಂದೂವರೆ ಚಮಚ ಹಾಕಿದರೆ ರುಚಿ ಬದಲಾಗುತ್ತದಲ್ಲವೆ? ಹಾಗೆಯೇ ದೇಹದ ಬೆಳವಣಿಗೆಯಲ್ಲಿ ಕೆಲವು ಬದಲಾವಣೆಗಳು ಆಗುತ್ತವೆ. ಅವುಗಳಲ್ಲಿ ಕೆಲವು ನೇರವಾಗಿ ನಿದ್ರೆಗೆ ಸಂಬಂಧಿಸಿವೆ. ಅದನ್ನು ತಿಳಿಯುವ ಮೊದಲು ನಿದ್ರೆಯನ್ನೇ ಸ್ವಲ್ಪ ನೋಡೋಣ.

ನಿದ್ರೆ ಎಂದರೆ ಸುಮ್ಮನೆ ಬಿದ್ದಿರುವುದಲ್ಲ

ನಾವು ಮಲಗಿದಾಗ ಮಿದುಳೂ ಮಲಗಿಬಿಡುತ್ತದೆ ಎಂದು ಬಹಳ ಕಾಲ ಜನ ತಿಳಿದಿದ್ದರು. 1950ರ ದಶಕದ ಆರಂಭದಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಎಂಬ ವಿದ್ಯಾರ್ಥಿ ಸಂಶೋಧನೆ ನಡೆಸುತ್ತಿದ್ದ. ಅವನು ತನ್ನ ಎಂಟು ವರ್ಷದ ಮಗನ ತಲೆಗೆ, ಕಣ್ಣಿನ ಅಕ್ಕಪಕ್ಕಕ್ಕೆ ತಂತಿಗಳನ್ನು ಅಂಟಿಸಿ ಮಲಗಿಸಿದ. ಪಕ್ಕದ ಕೋಣೆಯಲ್ಲಿದ್ದ ಯಂತ್ರ ಮಿದುಳಿನ ಮತ್ತು ಕಣ್ಣಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಬರೆಯುತ್ತಿತ್ತು. ನಡುರಾತ್ರಿ ಯಂತ್ರದ ಲೇಖನಿಗಳು ಒಮ್ಮೆಗೇ ಜೋರಾಗಿ ಓಡಾಡತೊಡಗಿದವು. ಮಗ ಎದ್ದಿರಬೇಕೆಂದು ಹೋಗಿ ನೋಡಿದರೆ ಅವನು ನಿದ್ರೆಯಲ್ಲೇ ಇದ್ದ! ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಮಾತ್ರ ಸರಸರನೆ ಚಲಿಸುತ್ತಿದ್ದವು. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಅವನ ಗುರು ನಥೇನಿಯಲ್ ಕ್ಲೈಟ್‌ಮನ್ ಇದನ್ನು ಪ್ರಕಟಿಸಿದರು. ಇದಕ್ಕೆ 'ಕಣ್ಚಲನೆಯ ನಿದ್ರೆ' ಎನ್ನೋಣ. ನಾವು ನೆನಪಿಟ್ಟುಕೊಳ್ಳುವ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿ.

ನಿದ್ರೆ ಹಂತ ಹಂತವಾಗಿ ಸಾಗುತ್ತದೆ. ಮೊದಲು ಜೊಂಪು, ನಂತರ ತೆಳು ನಿದ್ರೆ, ಆಮೇಲೆ ಗಾಢ ನಿದ್ರೆ, ಕೊನೆಗೆ ಕಣ್ಚಲನೆಯ ನಿದ್ರೆ. ದೊಡ್ಡವರಲ್ಲಿ ಇಂತಹ ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ ಬೇಕು. ಸುತ್ತು ಮುಗಿದರೆ ಮತ್ತೆ ಮೊದಲಿನಿಂದ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ರೆ ಹೆಚ್ಚು, ಬೆಳಗಿನ ಜಾವಕ್ಕೆ ಕಣ್ಚಲನೆಯ ನಿದ್ರೆ ಹೆಚ್ಚು.

ಪ್ರತಿ ಹಂತಕ್ಕೂ ಅದರದೇ ಕೆಲಸವಿದೆ. ಗಾಢ ನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ಹಗಲು ಕಲಿತ ಪಾಠವನ್ನು ಮಿದುಳು ನಿದ್ರೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ಅಂಗಡಿಯವರು ರಾತ್ರಿ ಬಾಗಿಲು ಹಾಕಿದ ಮೇಲೆ ಒಳಗೆ ಕುಳಿತು ದಿನದ ಲೆಕ್ಕ ಬರೆದು, ಸಾಮಾನುಗಳನ್ನು ಜೋಡಿಸುವುದಿಲ್ಲವೆ? ಹಾಗೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ.

ಇಲ್ಲಿ ಇನ್ನೊಂದು ಮಾತನ್ನು ನೆನಪಿನಲ್ಲಿಡಿ. ನಿದ್ರೆಯಲ್ಲಿ ನಮ್ಮ ಸ್ನಾಯುಗಳು ಸಡಿಲವಾಗುತ್ತವೆ. ಕಣ್ಚಲನೆಯ ನಿದ್ರೆಯಲ್ಲಂತೂ ಕೈಕಾಲಿನ ಸ್ನಾಯುಗಳು ಬಹುಪಾಲು ಕೆಲಸ ನಿಲ್ಲಿಸಿಬಿಡುತ್ತವೆ. ಕನಸಿನಲ್ಲಿ ಓಡಿದರೂ ನಾವು ಹಾಸಿಗೆಯಿಂದ ಎದ್ದು ಓಡದಿರುವುದು ಇದರಿಂದಲೇ. ಗಂಟಲಿನ ಸ್ನಾಯುಗಳೂ ಆಗ ಸಡಿಲ. ತೊಂದರೆ ಶುರುವಾಗುವುದು ಇಲ್ಲೇ.

ಗಂಟಲೆಂಬ ಮೆತ್ತನೆಯ ಕೊಳವೆ

ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿ 'ಆ' ಎನ್ನಿ. ಒಳಗೆ ನಡುವೆ ತೂಗುವುದು ಕಿರುನಾಲಗೆ. ಅದರ ಎರಡೂ ಬದಿಗೆ ಉಬ್ಬಿಕೊಂಡಿರುವುದು ಟಾನ್ಸಿಲ್ ಗ್ರಂಥಿಗಳು. ಮೂಗಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಅಡಿನಾಯ್ಡ್ ಎಂಬ ಇನ್ನೊಂದು ಗ್ರಂಥಿಯಿದೆ. ಮೂಗಿನಿಂದ ಬಂದ ಗಾಳಿ ಇವೆಲ್ಲವನ್ನೂ ದಾಟಿ, ನಾಲಗೆಯ ಹಿಂಬದಿಯಲ್ಲಿ ಇಳಿದು ಶ್ವಾಸನಾಳ ಸೇರಬೇಕು. ಶ್ವಾಸನಾಳಕ್ಕೆ ಗಟ್ಟಿಯಾದ ಮೃದ್ವಸ್ಥಿಯ ಬಳೆಗಳ ಆಸರೆಯಿದೆ. ಕುತ್ತಿಗೆಯ ಮುಂಭಾಗವನ್ನು ಮೆಲ್ಲಗೆ ಮುಟ್ಟಿದರೆ ಅದು ಕೈಗೆ ಗಟ್ಟಿಯಾಗಿ ಸಿಗುತ್ತದೆ. ಆದರೆ ಅದಕ್ಕಿಂತ ಮೇಲಿನ ಗಂಟಲಿಗೆ ಅಂತಹ ಬಳೆಗಳಿಲ್ಲ. ಅದು ಸ್ನಾಯುಗಳ ಬಲದಿಂದಲೇ ತೆರೆದಿರುವ ಮೆತ್ತನೆಯ ಕೊಳವೆ.

ಮಾಡಿ ನೋಡಿ - 1

ತಂಪು ಪಾನೀಯ ಕುಡಿಯುವ ಕಾಗದದ ಸ್ಟ್ರಾ ಒಂದನ್ನು ತೆಗೆದುಕೊಳ್ಳಿ. ಒಣಗಿದ್ದಾಗ ಒಂದು ತುದಿಯನ್ನು ಬೆರಳಿನಿಂದ ಅರ್ಧ ಮುಚ್ಚಿ, ಇನ್ನೊಂದು ತುದಿಯಿಂದ ಜೋರಾಗಿ ಗಾಳಿ ಎಳೆಯಿರಿ. ಕೊಳವೆಯ ಆಕಾರ ಹಾಗೆಯೇ ಇರುತ್ತದೆ. ಈಗ ಅದೇ ಸ್ಟ್ರಾವನ್ನು ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ, ಮತ್ತೆ ಹಾಗೆಯೇ ಎಳೆಯಿರಿ. ಕೊಳವೆಯ ಗೋಡೆಗಳು ಒಳಕ್ಕೆ ಕುಸಿದು ಅಂಟಿಕೊಳ್ಳುತ್ತವೆ. ಎಳೆದಷ್ಟೂ ದಾರಿ ಮುಚ್ಚುತ್ತದೆ!

ಮಾಡಿ ನೋಡಿ - 2

ಒಂದು ಅಂಗುಲ ಅಗಲದ ಎರಡು ಕಾಗದದ ಪಟ್ಟಿಗಳನ್ನು ತುಟಿಯ ಮುಂದೆ ಹತ್ತಿರ ಹತ್ತಿರ ಇಳಿಬಿಟ್ಟು ನಡುವೆ ಊದಿ. ಅವು ದೂರ ಹೋಗುವ ಬದಲು ಹತ್ತಿರ ಬಂದು ಪಟಪಟ ಬಡಿದುಕೊಳ್ಳುತ್ತವೆ. ಕಿರಿದಾದ ಗಂಟಲಿನಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿಯ ಮೆತ್ತನೆಯ ಭಾಗಗಳು ಹೀಗೆಯೇ ಕಂಪಿಸುತ್ತವೆ. ಆ ಸದ್ದೇ ಗೊರಕೆ.

ಈಗ ಡೌನ್ ಸಿಂಡ್ರೋಮ್ ಇರುವವರ ಗಂಟಲನ್ನು ಊಹಿಸಿಕೊಳ್ಳಿ. ಅವರ ಮುಖದ ನಡುಭಾಗದ ಮೂಳೆಗಳು ಚಿಕ್ಕವು. ಆದ್ದರಿಂದ ಮೂಗಿನ ಹಿಂದಿನ ದಾರಿ ಕಿರಿದು. ಬಾಯಿಯ ಜಾಗ ಚಿಕ್ಕದಾದ್ದರಿಂದ ನಾಲಗೆಗೆ ಸ್ಥಳ ಸಾಲದೆ ಅದು ಹಿಂದಕ್ಕೆ ಒತ್ತುತ್ತದೆ. ಟಾನ್ಸಿಲ್, ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡರೆ ಉಳಿದ ಜಾಗವೂ ಹೋಯಿತು. ಜೊತೆಗೆ ಅವರ ಸ್ನಾಯುಗಳ ಬಿಗಿ ಹುಟ್ಟಿನಿಂದಲೇ ಕಡಿಮೆ. ಒಣ ಸ್ಟ್ರಾ ಅಲ್ಲ, ನೆನೆದ ಸ್ಟ್ರಾ! ಹಗಲು ಎಚ್ಚರವಿದ್ದಾಗ ಹೇಗೋ ತೆರೆದುಕೊಂಡಿರುವ ಈ ದಾರಿ, ನಿದ್ರೆಯಲ್ಲಿ ಸ್ನಾಯುಗಳು ಇನ್ನಷ್ಟು ಸಡಿಲವಾದಾಗ ಮುಚ್ಚಿಕೊಳ್ಳುತ್ತದೆ.

ಉಸಿರು ನಿಂತಾಗ

ದಾರಿ ಮುಚ್ಚಿದರೆ ಏನಾಗುತ್ತದೆ? ಎದೆ ಏರಿಳಿಯುತ್ತದೆ, ಹೊಟ್ಟೆ ಏರಿಳಿಯುತ್ತದೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯತೊಡಗುತ್ತದೆ, ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಮಿದುಳು ಕೂಡಲೇ ಅಪಾಯವನ್ನು ಗುರುತಿಸಿ ನಿದ್ರೆಯನ್ನು ಒಂದು ಕ್ಷಣ ಕದಡುತ್ತದೆ. ಸ್ನಾಯುಗಳು ಬಿಗಿಯಾಗುತ್ತವೆ, ಮಗು ಹೊರಳುತ್ತದೆ, 'ಗರ್' ಎಂಬ ಸದ್ದಿನೊಂದಿಗೆ ಉಸಿರು ಮತ್ತೆ ಬರುತ್ತದೆ. ಮಗುವಿಗೆ ಪೂರ್ತಿ ಎಚ್ಚರವಾಗಿರುವುದಿಲ್ಲ. ಬೆಳಿಗ್ಗೆ ಕೇಳಿದರೆ ಏನೂ ನೆನಪಿರುವುದಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಇದನ್ನು ನಿದ್ರೆಯ ಉಸಿರುತಡೆ ಎನ್ನಬಹುದು. ವೈದ್ಯರು 'ಸ್ಲೀಪ್ ಆಪ್ನಿಯಾ' ಎನ್ನುತ್ತಾರೆ. 'ಆಪ್ನಿಯಾ' ಎಂದರೆ ಗ್ರೀಕ್ ಭಾಷೆಯಲ್ಲಿ ಉಸಿರಿಲ್ಲದಿರುವುದು ಎಂದರ್ಥ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 12 ಸಲ ಉಸಿರು ತಡೆದರೆ, 9 ಗಂಟೆಯ ನಿದ್ರೆಯಲ್ಲಿ ಎಷ್ಟು ಸಲ? 108 ಸಲ! ಅಂದರೆ ಐದು ನಿಮಿಷಕ್ಕೊಮ್ಮೆ ನಿದ್ರೆ ಕದಡಿದಂತೆ. ಒಲೆಯ ಮೇಲೆ ಅನ್ನಕ್ಕಿಟ್ಟು, ಐದು ನಿಮಿಷಕ್ಕೊಮ್ಮೆ ಉರಿಯನ್ನು ಆರಿಸಿ ಮತ್ತೆ ಹಚ್ಚಿದರೆ ಏನಾಗುತ್ತದೆ? ಗಂಟೆ ಕಳೆದರೂ ಅನ್ನ ಸರಿಯಾಗಿ ಬೇಯುವುದಿಲ್ಲ. ಪಾತ್ರೆ ಒಲೆಯ ಮೇಲೆ ಎಷ್ಟು ಹೊತ್ತು ಇತ್ತು ಎಂಬುದು ಮುಖ್ಯವಲ್ಲ, ಉರಿ ಬಿಡದೆ ಇತ್ತೇ ಎಂಬುದು ಮುಖ್ಯ. ನಿದ್ರೆಯೂ ಹಾಗೆಯೇ. ಹಾಸಿಗೆಯಲ್ಲಿ ಕಳೆದ ಗಂಟೆಗಳಷ್ಟೇ ಸಾಲವು, ನಿದ್ರೆಯ ಗುಣಮಟ್ಟವೂ ಚೆನ್ನಾಗಿರಬೇಕು.

ಇದೇ ನಮ್ಮ ಮೊದಲ ಪ್ರಶ್ನೆಗೆ ಉತ್ತರ. ಆ ಹುಡುಗ ಹತ್ತು ಗಂಟೆ ಮಲಗುತ್ತಿದ್ದ, ಆದರೆ ಅವನ ನಿದ್ರೆ ಬೇಯುತ್ತಿರಲಿಲ್ಲ!

ಸಾಮಾನ್ಯವಾಗಿ ನೂರು ಮಕ್ಕಳಲ್ಲಿ 1ರಿಂದ 5 ಮಕ್ಕಳಿಗೆ ಈ ತೊಂದರೆ ಇರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಇದು ಕಂಡುಬರುತ್ತದೆ. ಇದರ ಪರಿಣಾಮ ತೂಕಡಿಕೆಯೊಂದೇ ಅಲ್ಲ. ನಿದ್ದೆ ಸಾಲದ ದೊಡ್ಡವರು ತೂಕಡಿಸಿದರೆ, ಮಕ್ಕಳು ಎಷ್ಟೋ ಸಲ ಚಡಪಡಿಸುತ್ತಾರೆ, ಬೇಗ ಸಿಟ್ಟಾಗುತ್ತಾರೆ, ಒಂದು ಕಡೆ ಗಮನ ನಿಲ್ಲಿಸಲಾರರು. "ಇವನ ಸ್ವಭಾವವೇ ಹೀಗೆ" ಎಂದು ನಾವು ತಪ್ಪು ತಿಳಿಯುತ್ತೇವೆ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಡೌನ್ ಸಿಂಡ್ರೋಮ್ ಇರುವ 7ರಿಂದ 12 ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಉಸಿರುತಡೆ ಇರುವ ಮಕ್ಕಳು ಮಾತಿಗೆ ಸಂಬಂಧಿಸಿದ ಬುದ್ಧಿಪರೀಕ್ಷೆಯಲ್ಲಿ, ಉಸಿರುತಡೆ ಇಲ್ಲದವರಿಗಿಂತ ಸರಾಸರಿ 9 ಅಂಕ ಹಿಂದಿದ್ದರು. ಎಲ್ಲರಿಗೂ ಡೌನ್ ಸಿಂಡ್ರೋಮ್ ಇತ್ತು ಎಂಬುದನ್ನು ಗಮನಿಸಿ. ಹಾಗಾದರೆ ಈ ಮಕ್ಕಳು ಕಲಿಕೆಯಲ್ಲಿ ಹಿಂದೆ ಬೀಳುವುದಕ್ಕೆ ವರ್ಣತಂತುವೊಂದನ್ನೇ ದೂರುವಂತಿಲ್ಲ. ಕೆಟ್ಟ ನಿದ್ರೆಯ ಪಾಲೂ ಅದರಲ್ಲಿ ಇರಬಹುದು. ವರ್ಣತಂತುವನ್ನು ನಾವು ಬದಲಾಯಿಸಲಾರೆವು. ನಿದ್ರೆಯನ್ನು ಸರಿಪಡಿಸಬಹುದು!

ಹೃದಯಕ್ಕೂ ಇದರಿಂದ ಹೊರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುತ್ತದೆ. ರಾತ್ರಿಯಿಡೀ ಆಕ್ಸಿಜನ್ ಏರಿಳಿದರೆ ಅಂತಹ ಹೃದಯ ಇನ್ನಷ್ಟು ದುಡಿಯಬೇಕಾಗುತ್ತದೆ.

ಅಜ್ಜಿ ಕಂಡದ್ದು ಏನು?

ಎರಡನೇ ಪ್ರಶ್ನೆಗೆ ಬರೋಣ. ಕುಳಿತು ಮುಂದಕ್ಕೆ ಬಗ್ಗಿ ನಿದ್ರಿಸುವುದೇಕೆ?

ಅಂಗಾತ ಮಲಗಿದಾಗ ಗುರುತ್ವಾಕರ್ಷಣೆ ನಾಲಗೆಯನ್ನು ಯಾವ ಕಡೆ ಎಳೆಯುತ್ತದೆ? ಗಂಟಲಿನ ಕಡೆಗೆ. ದಾರಿ ಮುಚ್ಚುತ್ತದೆ. ಮುಂದಕ್ಕೆ ಬಗ್ಗಿದಾಗ? ನಾಲಗೆ ತುಟಿಯ ಕಡೆಗೆ ಜಾರುತ್ತದೆ. ದಾರಿ ತೆರೆಯುತ್ತದೆ. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳು ಹೀಗೆ ಚಕ್ಕಳಮಕ್ಕಳ ಹಾಕಿ, ಮುಂದಕ್ಕೆ ಮಡಚಿಕೊಂಡು ಮಲಗುವುದನ್ನು ವೈದ್ಯರು ಬೇರೆ ಬೇರೆ ದೇಶಗಳಲ್ಲಿ ಗುರುತಿಸಿದ್ದಾರೆ. ಕೆಲವರು ಕುತ್ತಿಗೆಯನ್ನು ಹಿಂದಕ್ಕೆ ಚಾಚಿ ಮಲಗುತ್ತಾರೆ. ಯಾರೂ ಹೇಳಿಕೊಡದೆ, ನಿದ್ರೆಯಲ್ಲೇ, ಉಸಿರಿಗೆ ದಾರಿ ಸಿಗುವ ಭಂಗಿಯನ್ನು ದೇಹ ಹುಡುಕಿಕೊಳ್ಳುತ್ತದೆ ಎಂದು ಇದನ್ನು ವಿವರಿಸುತ್ತಾರೆ. ಆ ಹುಡುಗನ ಹಟ ಎಂದುಕೊಂಡದ್ದು ಅವನ ಉಸಿರಿನ ಉಪಾಯ!

ಗಮನಿಸಬೇಕಾದ ಇತರ ಸುಳಿವುಗಳೂ ಇವೆ. ದಿನವೂ ಜೋರಾದ ಗೊರಕೆ, ಬಾಯಿ ತೆರೆದು ಉಸಿರಾಡುವುದು, ರಾತ್ರಿಯೆಲ್ಲ ಹೊರಳಾಟ, ತುಂಬ ಬೆವರುವುದು, ದೊಡ್ಡವರಾದ ಮೇಲೂ ಹಾಸಿಗೆ ಒದ್ದೆ ಮಾಡುವುದು, ಬೆಳಿಗ್ಗೆ ತಲೆನೋವು. ಇವುಗಳಲ್ಲಿ ಒಂದೆರಡು ಕಂಡರೂ ವೈದ್ಯರಿಗೆ ತಿಳಿಸಬೇಕು.

ಆದರೆ ಸುಳಿವು ಕಾಣದಿದ್ದರೆ ತೊಂದರೆಯಿಲ್ಲ ಎನ್ನುವಂತಿಲ್ಲ. 2006ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ವೈದ್ಯರು ಡೌನ್ ಸಿಂಡ್ರೋಮ್ ಇರುವ ಪುಟ್ಟ ಮಕ್ಕಳ ನಿದ್ರೆಯನ್ನು ಅಳೆದು ಒಂದು ವರದಿ ಪ್ರಕಟಿಸಿದರು. "ನಮ್ಮ ಮಗು ಚೆನ್ನಾಗಿಯೇ ನಿದ್ರಿಸುತ್ತದೆ" ಎಂದ ತಂದೆತಾಯಿಯರ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಮಂದಿಯ ನಿದ್ರೆ ಸರಿಯಿರಲಿಲ್ಲ! ಮಗು ನಿದ್ರಿಸುವಾಗ ಮನೆಯವರೂ ನಿದ್ರಿಸುತ್ತಾರಲ್ಲವೆ? ಆದ್ದರಿಂದ ಡೌನ್ ಸಿಂಡ್ರೋಮ್ ಇರುವ ಪ್ರತಿ ಮಗುವಿಗೂ ನಾಲ್ಕು ವರ್ಷ ತುಂಬುವುದರೊಳಗೆ ನಿದ್ರೆಯ ಪರೀಕ್ಷೆ ಆಗಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಸಂಘ ಸಲಹೆ ನೀಡಿದೆ.

ನಿದ್ರೆಯನ್ನು ಅಳೆಯುವುದು ಹೇಗೆ?

ಬಟ್ಟೆಯನ್ನು ಮೀಟರಿನಲ್ಲಿ, ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ನಿದ್ರೆಯನ್ನು? ಇದಕ್ಕೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಬೇಕು. ತಲೆಗೆ ಅಂಟಿಸಿದ ತಂತಿಗಳು ಮಿದುಳಿನ ಅಲೆಗಳನ್ನು, ಕಣ್ಣಿನ ಬಳಿಯವು ಕಣ್ಣಿನ ಚಲನೆಯನ್ನು ಬರೆಯುತ್ತವೆ. ಮೂಗಿನ ಕೆಳಗಿನ ಸಂವೇದಕ ಗಾಳಿಯ ಓಡಾಟವನ್ನು, ಎದೆ ಮತ್ತು ಹೊಟ್ಟೆಗೆ ಕಟ್ಟಿದ ಪಟ್ಟಿಗಳು ಅವುಗಳ ಏರಿಳಿತವನ್ನು ತಿಳಿಸುತ್ತವೆ. ಯಾವುದೇ ಚುಚ್ಚುವಿಕೆ ಇಲ್ಲ, ನೋವಿಲ್ಲ. ಅಮ್ಮ ಅಥವಾ ಅಜ್ಜಿ ಪಕ್ಕದಲ್ಲೇ ಇರಬಹುದು. ಎದೆ ಏರಿಳಿಯುತ್ತಿದ್ದು ಮೂಗಿನಲ್ಲಿ ಗಾಳಿಯಿಲ್ಲವಾದರೆ ದಾರಿ ಮುಚ್ಚಿದೆ ಎಂದರ್ಥ. ಮಕ್ಕಳಲ್ಲಿ ಗಂಟೆಗೆ ಒಂದು ಅಥವಾ ಹೆಚ್ಚು ಸಲ ಹೀಗಾದರೆ ತೊಂದರೆಯೆಂದೂ, 10 ಅಥವಾ ಹೆಚ್ಚು ಸಲವಾದರೆ ತೀವ್ರವೆಂದೂ ಎಣಿಸುತ್ತಾರೆ.

ಬೆರಳಿಗೆ ಸಿಕ್ಕಿಸುವ ಪುಟ್ಟ ಚಿಮಟವೊಂದು ಆಕ್ಸಿಜನ್ನನ್ನು ಅಳೆಯುತ್ತದೆ. ಇದು ನಿಮಗೆ ಗೊತ್ತಿರಬಹುದು. 2020 ಮತ್ತು 2021ರ ಕೊರೋನ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದಿದ್ದ ಪಲ್ಸ್ ಆಕ್ಸಿಮೀಟರ್ ಅದು! ಇದರ ತತ್ತ್ವವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ತಕುವೊ ಅವೊಯಾಗಿ. ಆಕ್ಸಿಜನ್ ತುಂಬಿದ ರಕ್ತ ಮತ್ತು ಆಕ್ಸಿಜನ್ ಕಡಿಮೆಯಾದ ರಕ್ತ ಕೆಂಪು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ಆ ವ್ಯತ್ಯಾಸವನ್ನೇ ಯಂತ್ರ ಲೆಕ್ಕ ಹಾಕುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 95ಕ್ಕಿಂತ ಹೆಚ್ಚು ತೋರಿಸುತ್ತದೆ.

ಪರಿಹಾರಗಳಿವೆ

ಮೂರನೇ ಪ್ರಶ್ನೆಗೆ ಸಂತೋಷದ ಉತ್ತರ: ಪರಿಹಾರಗಳಿವೆ.

ಟಾನ್ಸಿಲ್ ಮತ್ತು ಅಡಿನಾಯ್ಡ್ ಗ್ರಂಥಿಗಳು ದೊಡ್ಡದಾಗಿದ್ದರೆ ಕಿವಿ-ಮೂಗು-ಗಂಟಲು ತಜ್ಞರು ಶಸ್ತ್ರಚಿಕಿತ್ಸೆಯಿಂದ ಅವನ್ನು ತೆಗೆಯುತ್ತಾರೆ. ಇದರಿಂದ ಅನೇಕರಿಗೆ ಉಸಿರು ಸರಾಗವಾಗುತ್ತದೆ. ಆದರೆ ಡೌನ್ ಸಿಂಡ್ರೋಮ್ ಇರುವವರಲ್ಲಿ ನಾಲಗೆ, ಮೂಳೆ, ಸ್ನಾಯುಗಳ ಕಾರಣವೂ ಇರುವುದರಿಂದ, ಶಸ್ತ್ರಚಿಕಿತ್ಸೆಯ ನಂತರವೂ ಹಲವರಲ್ಲಿ ಉಸಿರುತಡೆ ಉಳಿಯುತ್ತದೆ. ಹಾಗಾಗಿ ಮತ್ತೊಮ್ಮೆ ನಿದ್ರೆಯ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಉಪಾಯವಿದೆ. ಗಾಳಿಯಿಲ್ಲದ ಸೈಕಲ್ ಟ್ಯೂಬು ಮಡಚಿಕೊಳ್ಳುತ್ತದೆ, ಗಾಳಿ ತುಂಬಿದರೆ ಮಡಚಿಕೊಳ್ಳುವುದಿಲ್ಲ. ಗಂಟಲಿಗೂ ಇದೇ ತಂತ್ರ! 1980ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸಿ, ಮೂಗಿನ ಮುಖವಾಡದ ಮೂಲಕ ಮೆಲ್ಲನೆ ಒತ್ತಡದ ಗಾಳಿಯನ್ನು ರೋಗಿಗೆ ಹಾಯಿಸಿದರು. ಗಂಟಲು ಕುಸಿಯಲಿಲ್ಲ, ರೋಗಿ ಚೆನ್ನಾಗಿ ನಿದ್ರಿಸಿದ. ಇಂದು ಇದರ ಸುಧಾರಿತ ರೂಪವಾದ 'ಸಿಪ್ಯಾಪ್' ಯಂತ್ರವನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಮುಖಕ್ಕೆ ಮುಖವಾಡ ಕಟ್ಟಿಕೊಂಡು ಮಲಗಲು ಮಕ್ಕಳು ಮೊದಲು ಒಪ್ಪುವುದಿಲ್ಲ. ಹಗಲು ಆಟವಾಡುತ್ತ, ಐದೈದು ನಿಮಿಷ ಹಾಕಿಸಿ ರೂಢಿ ಮಾಡಿಸಬೇಕಾಗುತ್ತದೆ.

ಮೂರನೆಯದು ಹೊಸದು. ಎದೆಯ ಚರ್ಮದ ಕೆಳಗೆ ಒಂದು ಪುಟ್ಟ ಸಾಧನವನ್ನು ಇಟ್ಟು, ನಾಲಗೆಯನ್ನು ಚಲಿಸುವ ನರಕ್ಕೆ ಅದರ ತಂತಿ ಜೋಡಿಸುತ್ತಾರೆ. ನಿದ್ರೆಯಲ್ಲಿ ಉಸಿರೆಳೆದಾಗಲೆಲ್ಲ ಅದು ನರವನ್ನು ಮೆಲ್ಲಗೆ ಪ್ರಚೋದಿಸಿ ನಾಲಗೆಯನ್ನು ಮುಂದಕ್ಕೆ ತರುತ್ತದೆ. ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇರುವ 10ರಿಂದ 21 ವರ್ಷದ 42 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರಲ್ಲಿ ಉಸಿರುತಡೆ ಗಣನೀಯವಾಗಿ ಇಳಿದಿತ್ತು. 2023ರಲ್ಲಿ ಅಲ್ಲಿಯ ಸರ್ಕಾರ 13ರಿಂದ 18 ವರ್ಷದ, ಬೇರೆ ಚಿಕಿತ್ಸೆಗೆ ಬಗ್ಗದ ತೀವ್ರ ತೊಂದರೆಯವರಿಗೆ ಇದನ್ನು ಅನುಮತಿಸಿತು. ಬಗ್ಗಿ ಕುಳಿತು ಆ ಹುಡುಗ ಮಾಡುತ್ತಿದ್ದುದನ್ನೇ ಈ ಯಂತ್ರ ಮಲಗಿದ್ದಲ್ಲಿಯೇ ಮಾಡುತ್ತದೆ!

ಇವಲ್ಲದೆ ತೂಕ ಹೆಚ್ಚದಂತೆ ನೋಡಿಕೊಳ್ಳುವುದು, ಥೈರಾಯ್ಡ್ ಗ್ರಂಥಿಯ ಪರೀಕ್ಷೆ ಮಾಡಿಸುವುದು ಮುಖ್ಯ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಕೊಡುವುದು ಅಪಾಯ. ಕೆಲವು ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ.

ನಾವೇನು ಮಾಡಬಹುದು?

ನಿಮ್ಮ ಶಾಲೆಗೆ ವರ್ಷಕ್ಕೊಮ್ಮೆ ವೈದ್ಯರ ತಂಡ ಬಂದು ಕಣ್ಣು, ಹಲ್ಲು, ತೂಕ ಪರೀಕ್ಷಿಸುತ್ತದಲ್ಲವೆ? ಅದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಕೂಡ ಇದೆ. ಆ ತಂಡಕ್ಕೆ ಮಗುವಿನ ರಾತ್ರಿಯ ನಿದ್ರೆಯ ಬಗ್ಗೆಯೂ ಹೇಳುವಂತೆ ಮನೆಯವರಿಗೆ, ಶಿಕ್ಷಕರಿಗೆ ನೆನಪಿಸಿ. ತಂಡದವರು ಅಗತ್ಯವಿದ್ದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತಾರೆ.

ಮನೆಯಲ್ಲಿ ಮಾಡಬಹುದಾದ ಕೆಲಸಗಳು ಎಲ್ಲ ಮಕ್ಕಳಿಗೂ ಒಂದೇ. ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಮಲಗುವ ಒಂದು ಗಂಟೆ ಮೊದಲು ಟಿ.ವಿ., ಮೊಬೈಲ್ ಬಿಡಿ. ಅವುಗಳ ಬೆಳಕು ಇನ್ನೂ ಹಗಲೆಂದು ಮಿದುಳನ್ನು ನಂಬಿಸುತ್ತದೆ. ಡೌನ್ ಸಿಂಡ್ರೋಮ್ ಇರುವ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲಿದ್ದರೆ ಊಟ, ಹಲ್ಲುಜ್ಜುವುದು, ಕಥೆ, ನಿದ್ರೆ ಎಂದು ಚಿತ್ರ ಬರೆದು ಗೋಡೆಗೆ ಅಂಟಿಸಿ. ನೋಡಿ ಕಲಿಯುವುದರಲ್ಲಿ ಅವರು ಜಾಣರು.

ಎಲ್ಲಕ್ಕಿಂತ ಮುಖ್ಯವಾದದ್ದು ತರಗತಿಯಲ್ಲಿ. ಯಾರಾದರೂ ದಿನವೂ ತೂಕಡಿಸುತ್ತಿದ್ದರೆ 'ನಿದ್ದೆಬಡಕ', 'ಸೋಮಾರಿ' ಎನ್ನಬೇಡಿ. ಶಿಕ್ಷಕರಿಗೆ ತಿಳಿಸಿ. ಅದರ ಹಿಂದೆ ಮುಚ್ಚಿದ ಗಂಟಲೊಂದು ಇರಬಹುದು.

ಆ ಹುಡುಗನ ವಿಷಯ ಕೇಳುತ್ತೀರಾ? ಅವನಿಗೆ ಪರೀಕ್ಷೆಯಾಗಿ, ಟಾನ್ಸಿಲ್ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಅದೇ ಶಾಲೆಗೆ ಹೋದಾಗ ಮೇಣದಬತ್ತಿಯ ಪ್ರಯೋಗವನ್ನು ಮತ್ತೆ ತೋರಿಸಿದೆ. ಈ ಸಲ ಲೋಟವನ್ನು ಬೋರಲು ಹಾಕಿದ್ದು ಅವನೇ. ಬತ್ತಿ ಆರಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೂ ಅವನೇ. ಕೆಲವು ದಿನ ಈಗಲೂ ಬಗ್ಗಿಕೊಂಡೇ ಮಲಗುತ್ತಾನೆ, ಮತ್ತೆ ತೋರಿಸಲು ವೈದ್ಯರು ಬರಹೇಳಿದ್ದಾರೆ ಎಂದರು ಅಜ್ಜಿ. ಮುಖ ತೊಳೆದುಕೊಂಡು ಬಾ ಎಂದಿದ್ದಕ್ಕೆ ನಾನು ಅವನ ಕ್ಷಮೆ ಕೇಳಿದೆ. ಅವನಿಗೆ ಅದು ನೆನಪೇ ಇರಲಿಲ್ಲ. "ಇನ್ನೊಂದ್ ಸಲ ಹಚ್ಚಿ ಸಾರ್" ಎಂದು ಮೇಣದಬತ್ತಿ ತೋರಿಸಿದ.

ನೀವೇ ಉತ್ತರಿಸಿ

1. ಗಂಟೆಗೆ 8 ಸಲ ಉಸಿರುತಡೆಯಾದರೆ 9 ಗಂಟೆಯ ನಿದ್ರೆಯಲ್ಲಿ ಒಟ್ಟು ಎಷ್ಟು ಸಲ?

2. ಉಸಿರುತಡೆ ಕಣ್ಚಲನೆಯ ನಿದ್ರೆಯಲ್ಲಿ ಹೆಚ್ಚಾಗುವುದೇಕೆ?

3. ಶ್ವಾಸನಾಳ ಕುಸಿಯುವುದಿಲ್ಲ, ಗಂಟಲು ಕುಸಿಯುತ್ತದೆ. ಕಾರಣವೇನು?

4. ಒಂದು ವಾರ ನಿಮ್ಮ ನಿದ್ರೆಯ ದಿನಚರಿ ಬರೆಯಿರಿ. ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದದ್ದು, ಹಗಲು ತೂಕಡಿಸಿದ್ದು, ಇವನ್ನು ಗುರುತಿಸಿ. ಒಟ್ಟು ಗಂಟೆಗಳ ಸರಾಸರಿ ತೆಗೆದು ತರಗತಿಯಲ್ಲಿ ಚರ್ಚಿಸಿ.